ವಿದ್ಯೆಯ ಹೊಸ ಬಾಗಿಲೂ ಅಂಧವಿದ್ಯಾರ್ಥಿಗಳೂ

ನಂಜನಗೂಡಿನ ಶ್ರೀಕಂಠೇಶ್ವರನಿಗೆ 'ಹಕೀಂ ನಂಜುಂಡ' ಎಂಬ ಹೆಸರು ಬಂದ ಬಗೆಯನ್ನು ಈ ಸೀಮೆಯಲ್ಲಿ ಅರಿಯದವರಿಲ್ಲ. ಟೀಪೂ ಸುಲ್ತಾನನ ಪಟ್ಟದಾನೆಗೆ ಕಣ್ಣಿನ ಬೇನೆ ತಗುಲಿ ದೃಷ್ಟಿ ಹೋಗಿರಲು, ಸ್ವಾಮಿಯ ಸನ್ನಿಧಿಯಲ್ಲಿ ಪೂಜೆ ನಡೆದು ಆನೆಗೆ ಕಣ್ಣು ಬಂದಿತೆಂದೂ, ಸುಲ್ತಾನನು ಸಂತುಷ್ಟನಾಗಿ ಪಚ್ಚೆಯ ಲಿಂಗವನ್ನು ಒಪ್ಪಿಸಿ ದೇವರನ್ನು ಹಕೀಮನೆಂದು ಕರೆದನೆಂದೂ ಐತಿಹ್ಯ. ಕಪಿಲೆಯಲ್ಲಿ ಮಿಂದು ಉರುಳುಸೇವೆ ಮಾಡಿ ಆರೋಗ್ಯವನ್ನು ಬೇಡುವವರು ಇಂದಿಗೂ ಉಂಟು. ಬೇಡಲಿ, ಅದು ಭಕ್ತರಿಗೂ ದೇವರಿಗೂ ಸೇರಿದ ವ್ಯವಹಾರ. ಆದರೆ ಅದೇ ಊರಿನಲ್ಲಿ ಕಾಲೇಜಿಗೆ ಸೇರಿದ ಅಂಧವಿದ್ಯಾರ್ಥಿಯು ಬೇಡುತ್ತಿರುವುದು ಕಣ್ಣನ್ನಲ್ಲ. ಪರೀಕ್ಷೆಗೆ ತಾನೇ ಅರ್ಜಿ ಹಾಕಬೇಕು, ತನ್ನ ಅಂಕಗಳನ್ನು ತಾನೇ ತಿಳಿಯಬೇಕು, ಅಧ್ಯಾಪಕರು ಕಳುಹಿಸಿದ ಟಿಪ್ಪಣಿಯನ್ನು ತಾನೇ ಓದಬೇಕು. ಅವನ ಬೇಡಿಕೆ ಇಷ್ಟೆ. ಇದನ್ನು ಕೊಡುವುದಕ್ಕೆ ದೇವರನ್ನು ಕರೆಯಬೇಕಾಗಿಲ್ಲ. ವಿಶ್ವವಿದ್ಯಾನಿಲಯಗಳೂ ಕಾಲೇಜುಗಳೂ ಅವುಗಳ ಕಚೇರಿಗಳೂ ಸಾಕು.

ಮೈಸೂರು ವಿಶ್ವವಿದ್ಯಾನಿಲಯವು 1916ನೆಯ ಇಸವಿಯಲ್ಲಿ ಸ್ಥಾಪಿತವಾದ ಮೇಲೆ ಬಹುಕಾಲ ಅದರ ಬಾಗಿಲೆಂದರೆ ನಿಜವಾದ ಮರದ ಬಾಗಿಲೇ ಆಗಿದ್ದಿತು. ನಂಜನಗೂಡಿನವನಾಗಲಿ ತಿರುಮಕೂಡಲು ನರಸೀಪುರದವನಾಗಲಿ, ಅಂಕಪಟ್ಟಿಯಲ್ಲಿ ತಂದೆಯ ಹೆಸರಿನ ಒಂದು ಅಕ್ಷರ ತಪ್ಪಿದ್ದರೂ ಬಸ್ಸು ಹತ್ತಿ ಮೈಸೂರಿಗೆ ಹೋಗಿ, ಕಚೇರಿಯ ಮೆಟ್ಟಿಲೇರಿ, ಗುಮಾಸ್ತರ ಮೇಜಿನ ಮುಂದೆ ನಿಲ್ಲಬೇಕಾಗಿದ್ದಿತು. ಅಂಧನಿಗೆ ಆ ದಾರಿ ಇನ್ನೂ ಕಷ್ಟ. ಆದರೂ ಮೇಜಿನ ಆಚೆಗೆ ಒಬ್ಬ ಮನುಷ್ಯನಿದ್ದನು. "ಸ್ವಾಮೀ, ನನಗೆ ಕಣ್ಣು ಕಾಣದು" ಎಂದರೆ ಗದರಿಸಿಯಾದರೂ ಒಂದು ಉತ್ತರವನ್ನು ಕೊಡುತ್ತಿದ್ದನು. ಈಗ ಆ ಮೇಜು ಗಣಕಯಂತ್ರದ ಪರದೆಯೊಳಕ್ಕೆ ಹೋಗಿದೆ. 2021ರಿಂದೀಚೆಗೆ ರಾಜ್ಯದ ವಿಶ್ವವಿದ್ಯಾನಿಲಯಗಳ ಪ್ರವೇಶ, ಪರೀಕ್ಷೆಯ ಅರ್ಜಿ, ಫಲಿತಾಂಶ ಮುಂತಾದ ವ್ಯವಹಾರಗಳು ಯು.ಯು.ಸಿ.ಎಂ.ಎಸ್. ಎಂಬ ಏಕೀಕೃತ ವ್ಯವಸ್ಥೆಯೊಳಗೆ ಸೇರುತ್ತ ಬಂದಿವೆ. ವಿದ್ಯಾರ್ಥಿವೇತನಕ್ಕೆ ಬೇರೊಂದು ಜಾಲತಾಣ; ಪುಸ್ತಕಗಳಿಗೆ ಮತ್ತೊಂದು; ಕಾಲೇಜಿನ ಪ್ರಕಟಣೆಗಳಿಗೆ ವಾಟ್ಸಾಪ್ ಗುಂಪು. ಈ ಮಾರ್ಪಾಡಿನಿಂದ ಎಲ್ಲರಿಗಿಂತ ಹೆಚ್ಚಿನ ಲಾಭ ಯಾರಿಗೆ ದೊರೆಯಬೇಕಾಗಿದ್ದಿತು? ರಸ್ತೆ ದಾಟಲು, ಬಸ್ಸಿನ ಫಲಕ ಓದಲು, ಅಪರಿಚಿತ ಕಟ್ಟಡದಲ್ಲಿ ಕೊಠಡಿ ಹುಡುಕಲು ಯಾರಿಗೆ ಎಲ್ಲರಿಗಿಂತ ಹೆಚ್ಚು ತೊಂದರೆಯೋ ಅವರಿಗಲ್ಲವೆ? ಮನೆಯ ಜಗಲಿಯಲ್ಲಿ ಕುಳಿತೇ ಎಲ್ಲವನ್ನೂ ಮುಗಿಸಬಹುದಾದ ಈ ಸೌಕರ್ಯವು ಅಂಧರಿಗೆಂದೇ ಹುಟ್ಟಿದಂತಿದೆ. ಹೀಗಿರುವಲ್ಲಿ ಈ ಹೊಸ ಬಾಗಿಲೇ ಅವರ ಪಾಲಿಗೆ ಹಳೆಯ ಬಾಗಿಲಿಗಿಂತ ಬಿಗಿಯಾಗಿ ಮುಚ್ಚಿಕೊಳ್ಳುವುದಾದರೆ ಅದನ್ನು ದೈವದ ಮೇಲೆ ಹಾಕುವುದು ಸಲ್ಲದು.

ಅಂಧರು ಗಣಕಯಂತ್ರವನ್ನು ಬಳಸುವುದು ಹೇಗೆಂದು ಆಶ್ಚರ್ಯಪಡುವ ವಾಚಕರು ಇನ್ನೂ ಇರುವುದರಿಂದ ಅದನ್ನು ಇಲ್ಲಿ ತುಸು ವಿವರಿಸಬೇಕಾಗಿದೆ. ಪರದೆಯ ಮೇಲೆ ಇರುವ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶಗಳುಂಟು. ಅವುಗಳಿಗೆ ಸ್ಕ್ರೀನ್ ರೀಡರ್ ಎಂದು ಹೆಸರು. ಅವುಗಳಲ್ಲಿ ಎನ್.ವಿ.ಡಿ.ಎ. ಎಂಬುದನ್ನು 2006ರಲ್ಲಿ ಆರಂಭಿಸಿದವನು ಆಸ್ಟ್ರೇಲಿಯಾ ದೇಶದ ಮೈಕೇಲ್ ಕರನ್ ಎಂಬ ಅಂಧ ಯುವಕ. ಅವನೊಡನೆ ಕೂಡಿ ಅದನ್ನು ಬೆಳೆಸಿದ ಜೇಮ್ಸ್ ಟೆ ಎಂಬಾತನೂ ಅಂಧನೇ. ಅದಕ್ಕೆ ಬೆಲೆಯಿಲ್ಲ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಆಂಡ್ರಾಯಿಡ್ ಫೋನುಗಳಲ್ಲಿ ಟಾಕ್‌ಬ್ಯಾಕ್ ಎಂಬ ಇದೇ ಬಗೆಯ ಸೌಕರ್ಯವುಂಟು. ಕನ್ನಡವನ್ನು ಉಚ್ಚರಿಸಬಲ್ಲ ಯಂತ್ರಧ್ವನಿಗಳೂ ಇವೆ. ಆ ಧ್ವನಿಯಲ್ಲಿ ರಸವಿಲ್ಲ, ರಾಗವಿಲ್ಲ. ಗಮಕಿಗಳು ಕೇಳಿದರೆ ಕಿವಿ ಮುಚ್ಚಿಕೊಂಡಾರು. ಆದರೂ ಅರ್ಥವಾಗುತ್ತದೆ. ಅಭ್ಯಾಸವಾದವರು ಅದನ್ನು ಎರಡುಪಟ್ಟು ಮೂರುಪಟ್ಟು ವೇಗದಲ್ಲಿ ಓದಿಸಿ ಕೇಳಬಲ್ಲರು.

ಈ ಯಂತ್ರವಾಚಕನಿಗೆ ಒಂದು ನಿಯಮವುಂಟು. ಪುಟವನ್ನು ರಚಿಸಿದವನು ಒಳಗೆ ಏನನ್ನು ಬರೆದಿಟ್ಟಿರುವನೋ ಅದನ್ನು ಮಾತ್ರ ಅವನು ಓದಬಲ್ಲನು. ಗುಂಡಿಗೆ ಹೆಸರಿಟ್ಟಿದ್ದರೆ ಹೆಸರನ್ನು ಹೇಳುವನು; ಚಿತ್ರದ ಹಿಂದೆ ಅದರ ವಿವರಣೆಯನ್ನು ಬರೆದಿದ್ದರೆ ವಿವರಣೆಯನ್ನು ಓದುವನು; ಇಲ್ಲವಾದರೆ ಮೌನ, ಅಥವಾ ಗೊಣಗು. ಈ ನಿಯಮಗಳನ್ನು ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ ಎಂಬ ಸಂಸ್ಥೆಯು 1999ರಲ್ಲಿಯೇ ಗ್ರಂಥರೂಪವಾಗಿ ಪ್ರಕಟಿಸಿ, 2008ರಲ್ಲಿಯೂ 2018ರಲ್ಲಿಯೂ 2023ರಲ್ಲಿಯೂ ತಿದ್ದಿ ಬೆಳೆಸಿದೆ. ಆದಕಾರಣ ತಿಳಿದಿರಲಿಲ್ಲವೆಂಬ ಸಮಾಧಾನಕ್ಕೆ ಈಗ ಅವಕಾಶವಿಲ್ಲ.

ಒಬ್ಬ ವಿದ್ಯಾರ್ಥಿನಿಯನ್ನು ವಾಚಕರು ಕಲ್ಪಿಸಿಕೊಳ್ಳಲಿ. ನರಸೀಪುರ ತಾಲ್ಲೂಕಿನ ಒಂದು ಹಳ್ಳಿಯವಳು, ಬಿ.ಎ. ತರಗತಿ, ಹುಟ್ಟಿನಿಂದ ದೃಷ್ಟಿಯಿಲ್ಲ, ಇತಿಹಾಸವೆಂದರೆ ಪ್ರಾಣ. ಪರೀಕ್ಷೆಯ ಅರ್ಜಿಯನ್ನು ತುಂಬಲು ರಾತ್ರಿ ಊಟವಾದ ಮೇಲೆ ಕುಳಿತಳು. ಅರ್ಜಿಯ ಪುಟವು ಅಜಾಗ್ರತೆಯಿಂದ ರಚಿತವಾದುದಾದರೆ ಏನಾಗುವುದು? ಮೊದಲ ಗುಂಡಿಯ ಮೇಲೆ ಬಂದೊಡನೆ ಯಂತ್ರವು "ಬಟನ್" ಎನ್ನುವುದು. ಏನು ಮಾಡುವ ಬಟನ್? ಹೇಳದು. ಮುಂದಿನದೂ "ಬಟನ್". ಖಾಲಿ ಪೆಟ್ಟಿಗೆಗೆ ಬಂದರೆ "ಎಡಿಟ್" ಎನ್ನುವುದು. ಅಲ್ಲಿ ಬರೆಯಬೇಕಾದುದು ತಾಯಿಯ ಹೆಸರೋ ನೋಂದಣಿಸಂಖ್ಯೆಯೋ ತಿಳಿಯದು. ಕಣ್ಣಿದ್ದವರಿಗೆ ಪೆಟ್ಟಿಗೆಯ ಪಕ್ಕದಲ್ಲಿ ಮಾತು ಬರೆದಿರುವುದು ಕಾಣುತ್ತದೆ. ಆ ಮಾತಿಗೂ ಈ ಪೆಟ್ಟಿಗೆಗೂ ಒಳಗಿನಿಂದ ಗಂಟುಹಾಕುವ ಒಂದೇ ಒಂದು ಪಂಕ್ತಿಯನ್ನು ಬರೆಯುವ ಶ್ರಮವನ್ನು ರಚಿಸಿದವನು ತೆಗೆದುಕೊಂಡಿರುವುದಿಲ್ಲ. ಜನ್ಮದಿನಾಂಕಕ್ಕೆ ಪಂಚಾಂಗದಂತಹ ಚಿತ್ರವೊಂದು ತೆರೆಯುವುದು. ಅದನ್ನು ಮೌಸಿನಿಂದ ಒತ್ತಬೇಕೇ ಹೊರತು ಕೀಲಿಮಣೆಯಿಂದ ಒಳಹೊಗಲು ಬಾರದು. ತಪ್ಪಿದ ಸ್ಥಳಗಳು ಕೆಂಪಾಗುವುವು. ಕೆಂಪನ್ನು ಕಿವಿಗೆ ಹೇಳುವವರಾರು?

ಇಷ್ಟನ್ನೂ ಅವಳು ಊಹೆಯಿಂದಲೂ ಸಾಹಸದಿಂದಲೂ ದಾಟಿದಳೆನ್ನೋಣ. ಶಾಸ್ತ್ರಕಾರರು ಹೇಳುವ ಘಟ್ಟಕುಟೀಪ್ರಭಾತನ್ಯಾಯವು ಇಲ್ಲಿಯೇ ಫಲಿಸುವುದು. ಸುಂಕವನ್ನು ತಪ್ಪಿಸಿಕೊಳ್ಳಲು ಅಡ್ಡದಾರಿ ಹಿಡಿದ ಬಂಡಿಯವನು ರಾತ್ರಿಯೆಲ್ಲ ಅಲೆದು ಬೆಳಗಾಗುವ ವೇಳೆಗೆ ಸುಂಕದ ಕಟ್ಟೆಯ ಮುಂದೆಯೇ ಬಂದು ನಿಂತನಂತೆ. ಹಾಗೆ ಅರ್ಜಿಯ ಕೊನೆಯಲ್ಲಿ ಕ್ಯಾಪ್ಚಾ ಎಂಬ ಒಂದು ಸುಂಕದ ಕಟ್ಟೆ ಕಾದಿರುವುದು. ವಕ್ರವಾಗಿ ಬರೆದ ನಾಲ್ಕೈದು ಅಕ್ಷರಗಳ ಚಿತ್ರವನ್ನು ನೋಡಿ, ಅವನ್ನು ಒತ್ತಿ, ತಾನು ಯಂತ್ರವಲ್ಲ ಮನುಷ್ಯನೆಂದು ರುಜುವಾತುಪಡಿಸಬೇಕು. ಯಂತ್ರಕ್ಕೆ ಓದಲು ಬಾರದಂತೆಯೇ ಆ ಚಿತ್ರವನ್ನು ಬರೆದಿರುವುದರಿಂದ ಯಂತ್ರವಾಚಕನೂ ಅದನ್ನು ಓದಲಾರನು. ಬಂಡಿಯವನಾದರೋ ಸುಂಕವನ್ನು ವಂಚಿಸಲು ಹೊರಟವನು. ಈ ಹುಡುಗಿಯು ಶುಲ್ಕವನ್ನು ಕಟ್ಟಲು ಬಂದವಳು. ಕಣ್ಣಿಲ್ಲದವರನ್ನು ಮನುಷ್ಯರ ಲೆಕ್ಕದಿಂದಲೇ ತೆಗೆದುಬಿಡುವ ಈ ಪರೀಕ್ಷೆಯನ್ನು ಕಂಡುಹಿಡಿದವರ ಬುದ್ಧಿಗೆ ಏನೆನ್ನಬೇಕು! ಇದಕ್ಕೆ ಬದಲಾಗಿ ಧ್ವನಿಯಿಂದ ಹೇಳುವ ಕ್ಯಾಪ್ಚಾವನ್ನು ಇಡಬಹುದು. ಫೋನಿಗೆ ಸಂಖ್ಯೆಯನ್ನು ಕಳುಹಿಸಿ ಕೇಳಬಹುದು. ಬಳಸುವವರಿಗೆ ಕಾಣದಂತೆಯೇ ಯಂತ್ರಗಳನ್ನು ತಡೆಯುವ ಉಪಾಯಗಳೂ ಇವೆ. ಇವೆಲ್ಲ ಹಳೆಯ ಸಂಗತಿಗಳು.

ಮುಂದೇನಾಗುವುದು? ಬೆಳಗಾದ ಮೇಲೆ ತಮ್ಮನ ಕೈಹಿಡಿದು ಸೈಬರ್ ಸೆಂಟರಿಗೆ ಹೋಗುವಳು. ಅಲ್ಲಿಯವನು "ಪಾಸ್‌ವರ್ಡ್ ಹೇಳಮ್ಮ" ಎನ್ನುವನು; ನಾಲ್ಕು ಜನರ ಮುಂದೆ ಹೇಳುವಳು. ಅವಳ ಫೋನಿಗೆ ಬಂದ ಓ.ಟಿ.ಪಿ.ಯನ್ನೂ ಅವನೇ ಓದಿಕೊಳ್ಳುವನು. ಐಚ್ಛಿಕವಿಷಯವನ್ನು ತಪ್ಪಾಗಿ ಒತ್ತಿದರೆ ಅವಳಿಗೆ ತಿಳಿಯುವ ಬಗೆಯಿಲ್ಲ. ಹಣ ಕೊಟ್ಟು, "ಉಪಕಾರವಾಯಿತಣ್ಣ" ಎಂದು ಹೇಳಿ ಬರುವಳು. ಫಲಿತಾಂಶ ಬಂದ ದಿನ ಅವಳಿಗಿಂತ ಮೊದಲು ಅವಳ ಅಂಕಗಳು ಕೇರಿಗೆ ತಿಳಿಯುವುವು.

ಇಷ್ಟಕ್ಕೆ ಇಷ್ಟು ಕೋಪವೇಕೆ, ಕಣ್ಣಿದ್ದವರು ಕಣ್ಣಿಲ್ಲದವರಿಗೆ ನೆರವಾಗುವುದು ಧರ್ಮವಲ್ಲವೆ, ಅಂಧಪಂಗುನ್ಯಾಯವೆಂದು ಸಾಂಖ್ಯರೇ ಹೇಳಿಲ್ಲವೆ ಎಂದು ಆಕ್ಷೇಪಿಸುವ ಸಜ್ಜನರುಂಟು. ಈ ಪೂರ್ವಪಕ್ಷವನ್ನು ಉಪೇಕ್ಷಿಸಲಾಗದು. ಏಕೆಂದರೆ ಕೆಟ್ಟವರಿಗಿಂತ ಒಳ್ಳೆಯವರೇ ಇದನ್ನು ಹೆಚ್ಚಾಗಿ ಹೇಳುವರು, ಅದರಿಂದಲೇ ಇದು ಬಹುಕಾಲ ಬಾಳಿದೆ. ಸಾಂಖ್ಯರ ದೃಷ್ಟಾಂತದಲ್ಲಿ ಕುಂಟನು ಕುರುಡನ ಹೆಗಲೇರಿ ದಾರಿ ತೋರಿಸುವನು, ಕುರುಡನು ನಡೆಯುವನು. ಒಬ್ಬನ ಕಣ್ಣಿಗೆ ಇನ್ನೊಬ್ಬನ ಕಾಲು ಸಮಸಮ. ಯಾರೂ ಯಾರಿಗೂ ಋಣಿಯಲ್ಲ. ಊರು ತಲಪಿದ ಮೇಲೆ ಇಬ್ಬರೂ ಸ್ವತಂತ್ರರು. ಸೈಬರ್ ಸೆಂಟರಿನ ಕಥೆಯಲ್ಲಿ ಈ ಸಮತ್ವವೆಲ್ಲಿದೆ? ಒಬ್ಬನೇ ಕೊಡುವವನು, ಒಬ್ಬಳೇ ಬೇಡುವವಳು. ಆರು ತಿಂಗಳಿಗೊಮ್ಮೆ, ಮೂರು ವರ್ಷ, ಪ್ರತಿಯೊಂದು ಅರ್ಜಿಗೂ. ನೆರವು ಬೇಡವೆಂದು ಯಾರೂ ಹೇಳುವುದಿಲ್ಲ. ದಾರಿ ಸರಿಯಾಗಿರುವಾಗ ಕೈಹಿಡಿಯುವುದು ಸ್ನೇಹ. ದಾರಿಯನ್ನು ತಾನೇ ಅಗೆದು ಹಳ್ಳಮಾಡಿ ಆಮೇಲೆ ಕೈಕೊಡುವುದನ್ನು ಉಪಕಾರವೆಂದು ಬರೆದುಕೊಳ್ಳುವುದು ಲೆಕ್ಕದಲ್ಲಿ ಮೋಸ. ಸಾಂಖ್ಯರಿಗಿಂತ ಇಲ್ಲಿಗೆ ಹೊಂದುವುದು ಅಂಧಪರಂಪರಾನ್ಯಾಯ: ಒಂದು ಕಚೇರಿಯ ಪುಟವನ್ನು ನೋಡಿ ಇನ್ನೊಂದು ಕಚೇರಿ, ಅದನ್ನು ನೋಡಿ ಮತ್ತೊಂದು, ಯಾವುದೊಂದೂ ಮೂಲವನ್ನು ವಿಚಾರಿಸದೆ ಸಾಲಾಗಿ ನಡೆದು ಹಳ್ಳಕ್ಕೆ ಬೀಳುತ್ತಿವೆ.

ಇನ್ನು ಪಾಠದ ವಿಷಯ. ಅರ್ಜಿಯು ವರ್ಷಕ್ಕೆ ಎರಡು ಬಾರಿ, ಓದುವುದು ಪ್ರತಿದಿನ. ಇಲ್ಲಿ ಕನ್ನಡದ ವಿದ್ಯಾರ್ಥಿಗೆ ಇಂಗ್ಲಿಷಿನವರಿಗೆ ಗೊತ್ತಿಲ್ಲದ ಒಂದು ವಿಶೇಷವಾದ ಸಂಕಟವುಂಟು. ಕನ್ನಡದ ಅಭಿಮಾನಿಗಳು ಇದನ್ನು ಮನಸ್ಸಿಟ್ಟು ಕೇಳಬೇಕು.

ಕಾಲೇಜುಗಳಲ್ಲಿಯೂ ಮುದ್ರಣಾಲಯಗಳಲ್ಲಿಯೂ ಕನ್ನಡವನ್ನು ಬಹುಕಾಲದಿಂದ ನುಡಿ, ಬರಹ ಮುಂತಾದ ತಂತ್ರಾಂಶಗಳಿಂದ ಬೆರಳಚ್ಚು ಮಾಡುತ್ತ ಬಂದಿದ್ದಾರೆ. ಆ ತಂತ್ರಾಂಶಗಳು ಕನ್ನಡಕ್ಕೆ ಮಾಡಿದ ಸೇವೆ ದೊಡ್ಡದು. ಆದರೆ ಅವುಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಕಣ್ಣಿಗೆ ಕಾಣುವುದು ಒಂದು, ಒಳಗಿರುವುದು ಇನ್ನೊಂದು. ಹಳೆಯ ನುಡಿಯಲ್ಲಿ 'ಕನ್ನಡ' ಎಂಬ ಮೂರಕ್ಷರವನ್ನು ಬರೆದರೆ ಯಂತ್ರದ ಹೊಟ್ಟೆಯಲ್ಲಿ ನಿಲ್ಲುವುದು ಇಂಗ್ಲಿಷಿನ ದೊಡ್ಡ 'ಪಿ', ತಲೆಯ ಮೇಲೆ ಓರೆಗೆರೆಯುಳ್ಳ ಒಂದು 'ಏ', ಬ್ರಿಟಿಷರ ಪೌಂಡು ನಾಣ್ಯದ ಗುರುತು, ಮತ್ತೆ ಆ 'ಏ', ಜರ್ಮನರ ಒಂದು ವ್ಯಂಜನ, ಸಣ್ಣ 'ಕ್ಯೂ', ಪುನಃ ಆ 'ಏ'. ಈ ಏಳು ವಿದೇಶೀಯರಿಗೆ ಕನ್ನಡದ ವೇಷವನ್ನು ತೊಡಿಸಿ ನಿಲ್ಲಿಸಲಾಗಿದೆ. ಕಣ್ಣು ವೇಷವನ್ನು ನೋಡಿ 'ಕನ್ನಡ' ಎಂದು ಓದುವುದು. ಯಂತ್ರವಾಚಕನಿಗೆ ವೇಷವು ಕಾಣದು. ಅವನು ಒಳಗಿರುವ ಹೆಸರುಗಳನ್ನೇ ಕೂಗುವನು. ರಾಘವಾಂಕನನ್ನು ಕುರಿತ ಒಂದು ಟಿಪ್ಪಣಿಯನ್ನು ಈ ರೀತಿಯಲ್ಲಿ ಓದಿಸಿ ಅರ್ಧ ಗಳಿಗೆ ಕೇಳಿದವರಿಗೆ ಅಂಧವಿದ್ಯಾರ್ಥಿಯ ತಾಳ್ಮೆಯ ವಿಷಯದಲ್ಲಿ ಹೊಸ ಗೌರವ ಹುಟ್ಟೀತು. ಯೂನಿಕೋಡ್ ಎಂಬ ಜಾಗತಿಕ ಸಂಕೇತದಲ್ಲಿ 1991ರಲ್ಲಿಯೇ ಕನ್ನಡಕ್ಕೆ ಸ್ವಂತವಾದ ಸ್ಥಾನವು ದೊರೆಯಿತು; ಅದರಲ್ಲಿ 'ಕ' ಎಂದರೆ ಒಳಗೂ ಹೊರಗೂ 'ಕ'ಕಾರವೇ. ನುಡಿಯ ಈಚಿನ ಆವೃತ್ತಿಗಳಲ್ಲಿಯೂ ಯೂನಿಕೋಡ್ ಇದೆ. ಹಳೆಯದನ್ನು ಹೊಸದಕ್ಕೆ ಪರಿವರ್ತಿಸುವ ತಂತ್ರಾಂಶಗಳು ಧರ್ಮಾರ್ಥವಾಗಿ ದೊರೆಯುತ್ತವೆ. ಹೀಗಿದ್ದೂ ಹಳೆಯ ಅಭ್ಯಾಸವು ಬಿಡದು. ಕನ್ನಡವನ್ನು ಇಂಗ್ಲಿಷಿನ ಸಂಕೇತಗಳಲ್ಲಿ ಹೂತಿಟ್ಟು ನವೆಂಬರ್ ತಿಂಗಳಿನಲ್ಲಿ ಬಾವುಟವನ್ನು ಹಾರಿಸುವುದು ಒಂದು ವಿಚಿತ್ರವಾದ ಭಾಷಾಪ್ರೇಮ.

ಇದಕ್ಕಿಂತಲೂ ಸೋಜಿಗವಾದುದು ಪ್ರಕಟಣೆಗಳ ಪಾಡು. ಪರೀಕ್ಷೆಯ ವೇಳಾಪಟ್ಟಿಯನ್ನು ಗುಮಾಸ್ತರು ಗಣಕಯಂತ್ರದಲ್ಲಿಯೇ ಅಚ್ಚುಕಟ್ಟಾಗಿ ಬೆರಳಚ್ಚು ಮಾಡುವರು. ಆ ಗಳಿಗೆಯಲ್ಲಿ ಅದು ಅಂಧನಿಗೂ ಓದಬರುವ ಬರಹ. ಆಮೇಲೆ ಅದನ್ನು ಕಾಗದದ ಮೇಲೆ ಮುದ್ರಿಸುವರು, ಸಹಿಯಾಗುವುದು, ಮೊಹರು ಬೀಳುವುದು, ಆ ಕಾಗದವನ್ನು ಸ್ಕ್ಯಾನ್ ಮಾಡಿ, ಎಂದರೆ ಅದರ ಛಾಯಾಚಿತ್ರವನ್ನು ತೆಗೆದು, ಪಿ.ಡಿ.ಎಫ್. ಎಂಬ ಹೆಸರಿನಿಂದ ಜಾಲತಾಣಕ್ಕೆ ಏರಿಸುವರು. ನೇಯ್ದ ಬಟ್ಟೆಯನ್ನು ಹಿಂಜಿ ಅರಳೆಮಾಡಿ ಮಾರುವವರನ್ನು ಯಾವ ಸಂತೆಯಲ್ಲಿಯೂ ಕಾಣೆವು, ಕಚೇರಿಗಳಲ್ಲಿ ಕಾಣುತ್ತೇವೆ. ಚಿತ್ರದಲ್ಲಿ ಯಂತ್ರವಾಚಕನಿಗೆ ಓದಲು ಏನೂ ಇಲ್ಲ. ಸಹಿಯ ಚಿತ್ರವು ಇರಲಿ. ಅದರ ಜೊತೆಗೆ ಮೊದಲೇ ಇದ್ದ ಬರಹವನ್ನೂ ಹಾಕಬಾರದೆ? ಅಧ್ಯಾಪಕರು ಕೈಬರಹದ ಟಿಪ್ಪಣಿಯ ಪುಟಗಳನ್ನು ಫೋನಿನಲ್ಲಿ ಹಿಡಿದು ವಾಟ್ಸಾಪ್ ಗುಂಪಿಗೆ ಕಳುಹಿಸುವುದೂ ಇದೇ ಜಾತಿಯದು. ಅದಕ್ಕಿಂತ ತಾವೇ ಆ ಪುಟಗಳನ್ನು ಗಟ್ಟಿಯಾಗಿ ಓದಿ ಧ್ವನಿಯನ್ನು ಕಳುಹಿಸಿದರೆ ಕಾಲಾವಕಾಶವೂ ಹೆಚ್ಚು ಬೇಡ, ಗುಂಪಿನ ಉಳಿದ ಹುಡುಗರಿಗೂ ಪ್ರಯೋಜನ.

ಕಿವಿಯಿಂದ ಕಲಿಯುವುದು ಈ ನಾಡಿಗೆ ಹೊಸದೆ? ವೇದಕ್ಕೆ ಶ್ರುತಿಯೆಂಬ ಹೆಸರು ಬಂದುದೇ ಕೇಳಿ ಕಲಿತದ್ದರಿಂದ. ಪಾಣಿನೀಯ ಶಿಕ್ಷೆಯು ಅಧಮಪಾಠಕರನ್ನು ಆರು ಬಗೆಯಾಗಿ ಎಣಿಸುವಲ್ಲಿ, ಬರೆದುದನ್ನು ನೋಡಿಕೊಂಡು ಓದುವವನನ್ನೂ ಆ ಪಂಕ್ತಿಯಲ್ಲಿಯೇ ಕೂಡಿಸಿದೆ. ಹಳೆಯ ಪಾಠಶಾಲೆಗಳು ಬೇರೆ ಬೇರೆ ಕಾರಣಗಳಿಂದ ಬಹುಜನರಿಗೆ ಬಾಗಿಲನ್ನು ಮುಚ್ಚಿದ್ದುವು, ಅದನ್ನು ಸಮರ್ಥಿಸಬೇಕಾಗಿಲ್ಲ. ಆದರೆ ಒಳಗೆ ಕುಳಿತವನಿಗೆ ಕಣ್ಣಿಲ್ಲವೆಂಬ ಕಾರಣದಿಂದ ಪಾಠವೇ ತಲಪದೆ ಹೋಗುತ್ತಿರಲಿಲ್ಲ. ಮೈಸೂರಿನಲ್ಲಿ ಅಂಧರಿಗೂ ಕಿವುಡರಿಗೂ ಪಾಠಶಾಲೆಯು 1901ರಲ್ಲಿಯೇ ಹುಟ್ಟಿತು. ದೇಶದ ಭಾಷೆಗಳಿಗೆಲ್ಲ ಒಂದೇ ಭಾರತೀ ಬ್ರೈಲ್ ಲಿಪಿಯನ್ನು 1951ರಲ್ಲಿ ಒಪ್ಪುವುದಕ್ಕೆ ಮೊದಲೇ ಇಲ್ಲಿ ಕನ್ನಡಕ್ಕೆ ಚುಕ್ಕೆಯಕ್ಷರಗಳನ್ನು ಅಳವಡಿಸಿಕೊಂಡಿದ್ದರು. ಅಂತಹ ಸೀಮೆಯು ಶತಮಾನ ಕಳೆದ ಮೇಲೆ, ಓದಿ ಹೇಳುವ ಯಂತ್ರವು ಹುಡುಗನ ಜೇಬಿನಲ್ಲಿಯೇ ಇರುವಾಗ, ಓದಿಸಬಾರದ ಪುಟವನ್ನು ಅವನ ಮುಂದೆ ಇಡುತ್ತಿದೆ. ಅಂಧನೆಂದೊಡನೆ ಕೈಗೆ ತಂಬೂರಿಯನ್ನು ಕೊಡುವ ಅಭ್ಯಾಸವೂ ಉಂಟು. ಗದುಗಿನ ಪಂಚಾಕ್ಷರ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಮಹಾತ್ಮರು. ಆದರೆ ಕಣ್ಣಿಲ್ಲದವರೆಲ್ಲ ಗವಾಯಿಗಳೇ ಆಗಬೇಕೆಂದು ಅವರು ಹೇಳಿದವರಲ್ಲ. ಇತಿಹಾಸವನ್ನು ಓದಬೇಕೆನ್ನುವವಳು ಇತಿಹಾಸವನ್ನೇ ಓದಲಿ.

ಅಂತಹ ವಿದ್ಯಾರ್ಥಿಗಳು ಎಷ್ಟು ಮಂದಿ, ಕಾಲೇಜಿಗೆ ಒಬ್ಬನೋ ಇಬ್ಬರೋ, ಅವರಿಗಾಗಿ ಇಡೀ ವ್ಯವಸ್ಥೆಯನ್ನು ಕೆಡವಿ ಕಟ್ಟಬೇಕೆ ಎಂಬುದು ಎರಡನೆಯ ಆಕ್ಷೇಪ. 2011ರ ಜನಗಣತಿಯಲ್ಲಿ ದೇಶದಲ್ಲಿ 50 ಲಕ್ಷಕ್ಕೆ ಮೇಲ್ಪಟ್ಟು, ಕರ್ನಾಟಕದಲ್ಲಿ ಎರಡೂವರೆ ಲಕ್ಷಕ್ಕೆ ಮೇಲ್ಪಟ್ಟು ಜನರಿಗೆ ದೃಷ್ಟಿವೈಕಲ್ಯವಿರುವುದಾಗಿ ಎಣಿಸಿದ್ದಾರೆ. ಇವರ ಮಕ್ಕಳ ಪ್ರಾಯದವರೆಲ್ಲ ಕಾಲೇಜಿನಲ್ಲಿ ಕಾಣದಿರುವುದಕ್ಕೆ ಅವರು ಇಲ್ಲದಿರುವುದು ಕಾರಣವಲ್ಲ. ನರಸೀಪುರದ ಜನಕ್ಕೆ ಇದನ್ನು ಹೇಳಬೇಕಾಗಿಲ್ಲ. ತಿರುಮಕೂಡಲಿನಲ್ಲಿ ಕಾವೇರಿ ಕಾಣುವಳು, ಕಪಿಲೆ ಕಾಣುವಳು, ಸ್ಫಟಿಕಸರೋವರವು ಗುಪ್ತಗಾಮಿನಿ. ಕಾಣದ ನೀರನ್ನು ಲೆಕ್ಕಕ್ಕೆ ಸೇರಿಸಿಯೇ ಆ ಕ್ಷೇತ್ರಕ್ಕೆ ಮೂರು ಕೂಡಲೆಂಬ ಹೆಸರು; ಕುಂಭಮೇಳಕ್ಕೆ ಬಂದ ಯಾರೂ ಇಲ್ಲಿ ಎರಡೇ ನದಿ ಎಂದು ಜಗಳವಾಡಿದ ಸುದ್ದಿಯಿಲ್ಲ. ಅಲ್ಲದೆಯೂ ಕೆಡವಿ ಕಟ್ಟಬೇಕೆಂದು ಕೇಳಿದವರಾರು? ಪೆಟ್ಟಿಗೆಗೆ ಹೆಸರಿಡುವುದು ಒಂದು ಪಂಕ್ತಿಯ ಕೆಲಸ. ಮೊದಲೇ ಯೋಚಿಸಿ ಮಾಡಿದರೆ ವೆಚ್ಚವೆಂದು ಎಣಿಸುವಷ್ಟು ವೆಚ್ಚವಿಲ್ಲ. ಕಟ್ಟಿದ ಮೇಲೆ ಗೋಡೆ ಒಡೆದು ಬಾಗಿಲಿಡಲು ಹೊರಟರೆ ವೆಚ್ಚ. ಎಲ್ಲ ವಿಶ್ವವಿದ್ಯಾನಿಲಯಗಳೂ ಒಂದೇ ದ್ವಾರದಿಂದ ನಡೆಯುವಾಗ ಒಂದು ದೋಷವನ್ನು ತಿದ್ದಿದರೆ ರಾಜ್ಯಕ್ಕೆಲ್ಲ ತಿದ್ದಿದಂತೆ. ಏಕೀಕರಣದ ಈ ಒಂದು ಗುಣವನ್ನು ಯಾರೂ ಬಳಸಿಕೊಳ್ಳದಿರುವುದು ಆಶ್ಚರ್ಯ.

ಕಾನೂನಿನ ಮಾತನ್ನು ಕಡೆಗೆ ಇಟ್ಟುದು, ದಂಡದ ಭಯದಿಂದ ಮಾಡುವ ಕೆಲಸ ನೀರಸವೆಂಬುದರಿಂದ. ಆದರೂ ದಯೆಯೆಂದು ತಿಳಿದವರು ಇದು ಋಣವೆಂದು ಅರಿಯಬೇಕು. ಅಂಗವಿಕಲರ ಹಕ್ಕುಗಳ ಅಧಿನಿಯಮವು 2016ರಲ್ಲಿ ಅಂಗೀಕೃತವಾಗಿ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಅದರ 42ನೆಯ ಪ್ರಕರಣವು ವಿದ್ಯುನ್ಮಾನ ಮಾಧ್ಯಮದ ವಿಷಯಗಳೆಲ್ಲ ಅಂಗವಿಕಲರಿಗೆ ಎಟುಕುವ ರೂಪದಲ್ಲಿರುವಂತೆ ನೋಡಿಕೊಳ್ಳುವ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸಿದೆ. 32ನೆಯ ಪ್ರಕರಣವು ಸರ್ಕಾರದ ಮತ್ತು ಸರ್ಕಾರದ ನೆರವು ಪಡೆಯುವ ಉನ್ನತವಿದ್ಯಾಸಂಸ್ಥೆಗಳಲ್ಲಿ ನೂರಕ್ಕೆ ಐದಕ್ಕೆ ಕಡಿಮೆಯಿಲ್ಲದೆ ಸ್ಥಾನಗಳನ್ನು ಕಾದಿರಿಸಿದೆ. ಸ್ಥಾನವನ್ನು ಕೊಟ್ಟು ಪುಸ್ತಕವನ್ನು ಕೊಡದಿರುವುದು ಪಂಕ್ತಿಯಲ್ಲಿ ಎಲೆ ಹಾಕಿ ಬಡಿಸದೆ ಹೋದಂತೆ. ಜಾಲತಾಣಗಳ ನಿಯಮಗಳು 2017ರ ಜೂನ್ ತಿಂಗಳಿನಲ್ಲಿ ಬಂದುವು. ಸೇವೆ ಒದಗಿಸುವವರಿಗೆ ಅಧಿನಿಯಮವು ಕೊಟ್ಟ ಎರಡು ವರ್ಷದ ಗಡುವು 2019ರಲ್ಲಿಯೇ ತೀರಿತು. ವಿಶ್ವವಿದ್ಯಾನಿಲಯಗಳ ಅನುದಾನ ಆಯೋಗವು 2022ರಲ್ಲಿ ತನ್ನದೇ ಆದ ಮಾರ್ಗಸೂಚಿಗಳನ್ನೂ ಹೊರಡಿಸಿತು. 2024ರ ನವೆಂಬರ್ 8ರಂದು ಸರ್ವೋಚ್ಚ ನ್ಯಾಯಾಲಯವು ರಾಜೀವ್ ರತೂರಿಯವರ ಮೊಕದ್ದಮೆಯಲ್ಲಿ, 2017ರ ನಿಯಮಗಳಲ್ಲಿ ಈ ವಿಷಯಕ್ಕೆ ಸಂಬಂಧಿಸಿದ ಭಾಗವು ಬರಿಯ ಸಲಹೆಯ ರೂಪದಲ್ಲಿರುವುದರಿಂದ ಅಧಿನಿಯಮಕ್ಕೆ ವಿರುದ್ಧವೆಂದು ಅದನ್ನು ತಳ್ಳಿಹಾಕಿ, ಕಡ್ಡಾಯವಾದ ನಿಯಮಗಳನ್ನು ಮೂರು ತಿಂಗಳೊಳಗೆ ರಚಿಸಬೇಕೆಂದು ಕೇಂದ್ರಸರ್ಕಾರಕ್ಕೆ ವಿಧಿಸಿತು. 2025ರ ಏಪ್ರಿಲ್ 30ರಂದು ಅದೇ ನ್ಯಾಯಾಲಯವು ಗಣಕಜಾಲದ ಸೇವೆಗಳು ಎಲ್ಲರಿಗೂ ಎಟುಕುವುದು ಸಂವಿಧಾನದ 21ನೆಯ ಅನುಚ್ಛೇದದ ಜೀವಿಸುವ ಹಕ್ಕಿನಲ್ಲಿಯೇ ಅಡಗಿದೆ ಎಂದಿತು. ಇಷ್ಟಾದ ಮೇಲೆಯೂ 'ನೋಡೋಣ' ಎನ್ನುವ ಅಧಿಕಾರಿಯು ನೋಡುತ್ತಿರುವುದು ಏನನ್ನು?

ಗ್ರಂಥಸ್ವಾಮ್ಯವು ಅಡ್ಡಬರುವುದೆಂಬ ನೆಪವೂ ನಿಲ್ಲದು. 2012ರಲ್ಲಿ ತಿದ್ದುಪಡಿಯಾದ ಗ್ರಂಥಸ್ವಾಮ್ಯದ ಕಾನೂನು ಅಂಗವಿಕಲರ ಓದಿಗಾಗಿ ಪುಸ್ತಕವನ್ನು ಬೇರೆ ರೂಪಕ್ಕೆ ತರುವುದನ್ನು ಒಪ್ಪಿದೆ. ಇದೇ ಉದ್ದೇಶದ ಮರಾಕೇಶ್ ಒಪ್ಪಂದವನ್ನು ಲೋಕದಲ್ಲಿ ಮೊತ್ತಮೊದಲು, 2014ರಲ್ಲಿ, ಸ್ಥಿರೀಕರಿಸಿದ ದೇಶವು ಭಾರತವೇ. ಹೊರದೇಶಗಳಲ್ಲಿ ಇಂತಹ ವಿಷಯವು ಹೇಗೆ ತೀರ್ಮಾನವಾಯಿತೆಂಬುದಕ್ಕೆ ಒಂದು ನಿದರ್ಶನ ಸಾಕು. ಅಮೆರಿಕದ ಅರಿಜೋನಾ ಸ್ಟೇಟ್ ವಿಶ್ವವಿದ್ಯಾನಿಲಯವು 2009ರಲ್ಲಿ ಪಠ್ಯಪುಸ್ತಕಗಳನ್ನು ಕಿಂಡಲ್ ಎಂಬ ಓದುಯಂತ್ರದ ಮೂಲಕ ಕೊಡಲು ಹೊರಟಿತು. ಆ ಯಂತ್ರಕ್ಕೆ ಪುಸ್ತಕವನ್ನು ಗಟ್ಟಿಯಾಗಿ ಓದಲು ಬರುತ್ತಿದ್ದಿತು. ಆದರೆ ಯಾವ ಪುಸ್ತಕವನ್ನು ತೆರೆಯಬೇಕೆಂದು ಆರಿಸುವ ಪಟ್ಟಿಯನ್ನು ಅದು ಓದುತ್ತಿರಲಿಲ್ಲ. ಉಗ್ರಾಣದ ತುಂಬ ಧಾನ್ಯವಿದ್ದು ಬೀಗದ ಕೈ ಮಾತ್ರ ಕಾಣದವರಿಗೆ ದೊರೆಯದಂತಾಯಿತು. ಅಂಧರ ಸಂಘಗಳು ನ್ಯಾಯಾಲಯಕ್ಕೆ ಹೋದುವು. 2010ರ ಜನವರಿಯಲ್ಲಿ ರಾಜಿಯಾಗಿ, ಮುಂದೆ ಅಂತಹ ಯಂತ್ರವನ್ನು ತರುವುದಾದರೆ ಅಂಧರಿಗೂ ಎಟುಕುವುದನ್ನೇ ತರಲು ಯತ್ನಿಸುವುದಾಗಿ ವಿಶ್ವವಿದ್ಯಾನಿಲಯವು ಮಾತುಕೊಟ್ಟಿತು. ಅಲ್ಲಿ ಮೊಕದ್ದಮೆ ಹೂಡಲು ಶಕ್ತಿಯುಳ್ಳ ಸಂಘಗಳಿದ್ದುವು. ನಂಜನಗೂಡಿನ ವಿದ್ಯಾರ್ಥಿಗೆ ಇರುವುದು ಅವನ ತಾಯಿ.

ಆದಕಾರಣ ಕೇಳಬೇಕಾದವರು ಬೇರೆಯವರು. ರಾಜ್ಯದ ಏಕೀಕೃತ ವ್ಯವಸ್ಥೆಯನ್ನೂ ವಿದ್ಯಾರ್ಥಿವೇತನದ ತಾಣವನ್ನೂ ಅಂಧವಿದ್ಯಾರ್ಥಿಗಳ ಕೈಯಿಂದಲೇ, ಅವರು ದಿನವೂ ಬಳಸುವ ಫೋನುಗಳಲ್ಲಿಯೇ ಪರೀಕ್ಷೆಮಾಡಿಸಿ, ಎಲ್ಲೆಲ್ಲಿ ತಡೆಯಿತೆಂಬುದನ್ನು ಮುಚ್ಚುಮರೆಯಿಲ್ಲದೆ ಪ್ರಕಟಿಸಬೇಕು. ಪರೀಕ್ಷಕರಿಗೆ ಸಂಭಾವನೆಯನ್ನೂ ಕೊಡಬೇಕು, ಉಪಕಾರಕ್ಕೆ ದುಡಿಸಿಕೊಳ್ಳಬಾರದು. ವಿಶ್ವವಿದ್ಯಾನಿಲಯವು ಮಾಡುವವರೆಗೆ ಕಾಯುವ ಅಗತ್ಯವೂ ಎರಡು ಊರಿನ ಕಾಲೇಜುಗಳಿಗಿಲ್ಲ. ಪ್ರಕಟಣೆಯನ್ನು ಯೂನಿಕೋಡಿನಲ್ಲಿ ಬರಹವಾಗಿ ಕಳುಹಿಸುವುದಕ್ಕೆ ಯಾವ ಸಿಂಡಿಕೇಟಿನ ಅಪ್ಪಣೆ ಬೇಕು? ಪ್ರಾಂಶುಪಾಲರ ಒಂದು ಮಾತು ಸಾಕು. ಸಾಹಿತ್ಯಸಂಘಗಳಿಗೂ ಇಲ್ಲಿ ವಿನಾಯಿತಿಯಿಲ್ಲ. ಕನ್ನಡದ ಅನೇಕ ಮಾಸಪತ್ರಿಕೆಗಳು ಇಂದಿಗೂ ಹಳೆಯ ಅಕ್ಷರವಿನ್ಯಾಸದಲ್ಲಿಯೇ ಜೋಡಣೆಗೊಂಡು, ಅದೇ ರೂಪದ ಪಿ.ಡಿ.ಎಫ್. ಆಗಿ ಮನೆಮನೆಗೆ ಹೋಗುತ್ತಿವೆ. ಅಂಧನಾದ ಕಾವ್ಯರಸಿಕನಿಗೆ ಅವು ಪೌಂಡಿನ ಗುರುತುಗಳ ಮೂಟೆ.

ಇನ್ನೊಂದು ಮಾತು ವಾಚಕರ ಮನೆಗಳಿಗೆ ಸೇರಿದ್ದು. ವಿದ್ಯಾವಂತರ ಮನೆಗಳಲ್ಲಿ ಬೆಂಗಳೂರಿನಲ್ಲಿಯೋ ಹೊರದೇಶದಲ್ಲಿಯೋ ತಂತ್ರಾಂಶದ ಉದ್ಯೋಗದಲ್ಲಿರುವ ಮಗನೋ ಮಗಳೋ ಸೊಸೆಯೋ ಇಲ್ಲದ ಮನೆ ಈಗ ಅಪೂರ್ವ. ಹೆಸರಿಲ್ಲದ ಗುಂಡಿಗಳನ್ನೂ ಓದಲಾಗದ ಪುಟಗಳನ್ನೂ ಮಾಡುವವರು ಆಕಾಶದಿಂದ ಇಳಿದವರಲ್ಲ. ಇಂತಹ ಮನೆಗಳಲ್ಲಿ ಬೆಳೆದ ಜಾಣಮಕ್ಕಳೇ. ಅವರು ಹಬ್ಬಕ್ಕೆ ಊರಿಗೆ ಬಂದಾಗ ಊಟವಾದ ಮೇಲೆ ತಂದೆತಾಯಿಗಳು ಒಂದು ಪ್ರಯೋಗವನ್ನು ಮಾಡಿಸಿ ನೋಡಲಿ. ಯಂತ್ರವಾಚಕನನ್ನು ಮಾತನಾಡಲು ಬಿಟ್ಟು, ಮೌಸನ್ನು ತೆಗೆದಿಟ್ಟು, ಪರದೆಯ ಮೇಲೆ ಒಂದು ಪಂಚೆಯನ್ನು ಹೊದಿಸಿ, ಅವರದೇ ಕಂಪನಿಯು ಕಟ್ಟಿದ ಯಾವುದಾದರೂ ಒಂದು ಅರ್ಜಿಯನ್ನು ಮೊದಲಿನಿಂದ ಕೊನೆಯವರೆಗೆ ತುಂಬೆಂದು ಹೇಳಲಿ. ಎಷ್ಟನೆಯ ಪೆಟ್ಟಿಗೆಯಲ್ಲಿ ಅವರು ಪಂಚೆಯನ್ನು ಎತ್ತುವರೆಂಬುದನ್ನು ಎಣಿಸಿಟ್ಟುಕೊಂಡು, ಮಾರನೆಯ ದಿನ ಅವರು ಕೆಲಸಕ್ಕೆ ಹಿಂದಿರುಗುವಾಗ ಆ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಕೈಗೆ ಕೊಡಲಿ.